ಕಣ್ಣಿನ ಪೊರೆ ಕಾಯುತ್ತದೆ, ಪರದೆ ಕಾಯುವುದಿಲ್ಲ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಜಾವಗಲ್‌ನಲ್ಲಿ ನಡೆದ ಆರೋಗ್ಯ ಸಭೆಯಲ್ಲಿ ನಿವೃತ್ತ ನೇತ್ರ ಸಹಾಯಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಅಧ್ಯಕ್ಷರು ನನ್ನನ್ನು ಕರೆಯುವಾಗಲೇ ಒಂದು ಮಾತು ಹೇಳಿದ್ದರು: "ಕಣ್ಣಿನ ವಿಷಯ ಮಾತಾಡಿ ಸಾರ್, ಆದರೆ ಪೊರೆ ವಿಷಯ ಬೇಡ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು." ನಿಜ. ಅದು ಎಲ್ಲರಿಗೂ ಗೊತ್ತಾಗಿರುವುದಕ್ಕೆ ಕಾರಣವೂ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿ ಲಕ್ಷಾಂತರ ಬಡವರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. 1976ರಿಂದ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಂದು, ಕಣ್ಣಿನ ಕ್ಯಾಂಪ್ ಅನ್ನೋದು ಜಾತ್ರೆಯಷ್ಟೇ ಪರಿಚಯದ ಮಾತಾಯಿತು.

ಆದರೆ ಇದರಿಂದ ನಮಗೊಂದು ಅಭ್ಯಾಸವೂ ಅಂಟಿಕೊಂಡಿತು. ಕಣ್ಣು ಮಂಜಾದರೆ "ಪೊರೆ ಬಂದಿರಬೇಕು, ಬಲಿಯಲಿ, ಕ್ಯಾಂಪ್ ಬರಲಿ, ರಾಗಿ ಕೊಯ್ಲು ಮುಗೀಲಿ" ಅಂತ ಕಾಯೋದು. ಪೊರೆಯಾದರೆ ನಾಲ್ಕು ತಿಂಗಳು ಕಾದರೂ ಸಾಮಾನ್ಯವಾಗಿ ಕಣ್ಣು ಹೋಗೋದಿಲ್ಲ. (ಈಗಿನ ಆಪರೇಷನ್‌ಗೆ ಪೊರೆ ಬಲಿಯಲೇಬೇಕು ಅಂತಲೂ ಇಲ್ಲ, ಅದು ಹಳೇ ಕಾಲದ ಮಾತು.) ಇದೇ ಅಭ್ಯಾಸವನ್ನು ಇನ್ನೊಂದು ಕಾಯಿಲೆಗೆ ಹಚ್ಚಿದರೆ ಮಾತ್ರ ಕಣ್ಣೇ ಹೋಗುತ್ತದೆ. ಅದು ಕಣ್ಣಿನ ಒಳಪರದೆ ಕಳಚಿಕೊಳ್ಳುವ ಕಾಯಿಲೆ. ಶಾಲೆ ಪುಸ್ತಕದಲ್ಲಿ ಆ ಪರದೆಗೆ ಅಕ್ಷಿಪಟಲ ಅಂತಾರೆ, ಆಸ್ಪತ್ರೆಯಲ್ಲಿ ರೆಟಿನಾ ಅಂತಾರೆ. ನಾನು ಪರದೆ ಅಂತಲೇ ಹೇಳ್ತೀನಿ.

ಇದನ್ನು ತಿಳಿಸೋದಕ್ಕೆ ನನಗೆ ಬೇರೆ ಚಿತ್ರಪಟ ಬೇಕಿಲ್ಲ, ನಿಮ್ಮ ಅಟ್ಟದ ಮೇಲೇ ಇದೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಒಂಬತ್ತು ಹತ್ತು ತಿಂಗಳು ಬಿಟ್ಟರೆ ಏನಾಗುತ್ತೆ? ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಬಿಡಿಯಾಗುತ್ತೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತೆ. ಅದೇ ಉಂಡೆ ಕೊಬ್ಬರಿ. ಅರಸೀಕೆರೆ ತಿಪಟೂರು ಸೀಮೆಯವರು ಅದರಲ್ಲೇ ಬದುಕಿದವರು. ಕಣ್ಣುಗುಡ್ಡೆಯೂ ಹೆಚ್ಚು ಕಡಿಮೆ ಹಾಗೆಯೇ. ಹೊರಗೆ ಗಟ್ಟಿಯಾದ ಬಿಳಿ ಚಿಪ್ಪು. ಅದರ ಒಳಗೆ ರಕ್ತನಾಳಗಳ ಪದರ. ಅದಕ್ಕೆ ಅಂಟಿಕೊಂಡು ಈ ಪರದೆ, ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ತೆಳು. ನಡುವೆ ನೀರಿನ ಬದಲು ಪಾರದರ್ಶಕವಾದ ಲೋಳೆ. ವಯಸ್ಸಾದಂತೆ ಈ ಲೋಳೆ ನೀರಾಗಿ ಕುಗ್ಗುತ್ತದೆ. ಕುಗ್ಗುವಾಗ ಬಹಳ ಜನರಲ್ಲಿ ಸುಮ್ಮನೆ ಪರದೆಯಿಂದ ಬಿಟ್ಟುಕೊಳ್ಳುತ್ತದೆ, ತೊಂದರೆ ಇಲ್ಲ. ಕೆಲವರಲ್ಲಿ ಮಾತ್ರ ಎಲ್ಲೋ ಒಂದು ಕಡೆ ಬಿಗಿಯಾಗಿ ಅಂಟಿಕೊಂಡು ಪರದೆಯನ್ನೇ ಎಳೆದು ಹರಿಯುತ್ತದೆ. ಆ ಹರಕಿನ ಮೂಲಕ ನೀರು ಪರದೆಯ ಹಿಂದಕ್ಕೆ ನುಗ್ಗಿ ಅದನ್ನು ಎಬ್ಬಿಸುತ್ತಾ ಹೋಗುತ್ತದೆ. ಕೆರೆ ಏರಿಯ ಸಣ್ಣ ಬಿರುಕು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಗೆ ಆಹಾರ ಬರೋದು ಹಿಂದಿನ ರಕ್ತನಾಳಗಳಿಂದ. ಅಲ್ಲಿಂದ ಎದ್ದ ಭಾಗ ಉಪವಾಸ ಬಿದ್ದು ಸಾಯತೊಡಗುತ್ತದೆ. ಕಾಯಿ ಕಳಚಿದರೆ ಬೆಲೆ ಬರುತ್ತೆ, ಕಣ್ಣು ಕಳಚಿದರೆ ಬೆಳಕು ಹೋಗುತ್ತೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಸಮಸ್ಯೆ ಏನೆಂದರೆ ಇದರಲ್ಲಿ ನೋವೇ ಇಲ್ಲ. ಕಣ್ಣು ಕೆಂಪಗಾಗೋದಿಲ್ಲ, ನೀರು ಸೋರೋದಿಲ್ಲ. ನೋವಿಲ್ಲದ ಕಾಯಿಲೆಗೆ ನಾವು ಬಸ್ ಚಾರ್ಜ್ ಕೊಟ್ಟು ಆಸ್ಪತ್ರೆಗೆ ಹೋಗುವ ಜನ ಅಲ್ಲ. ಆದ್ದರಿಂದ ಗುರುತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕತ್ತಲಲ್ಲಿ, ಕಣ್ಣು ಹೊರಳಿಸಿದಾಗ, ಪಕ್ಕದಲ್ಲಿ ಮಿಂಚು ಹೊಡೆದ ಹಾಗೆ ಬೆಳಕು ಕಾಣೋದು ಒಂದು. ಇದ್ದಕ್ಕಿದ್ದ ಹಾಗೆ ಕಣ್ಣ ಮುಂದೆ ಮಸಿ ಉದುರಿದಂತೆ, ನೊಣ ಹಾರಿದಂತೆ, ಜೇಡರ ಬಲೆ ತೇಲಿದಂತೆ ಕಾಣೋದು ಇನ್ನೊಂದು. ಕೊನೆಯದು, ಯಾವುದಾದರೂ ಪಕ್ಕದಿಂದಲೋ ಮೇಲಿನಿಂದಲೋ ಕೆಳಗಿನಿಂದಲೋ ಕಪ್ಪು ತೆರೆ ಸರಿದು ಬರೋದು. ತೆರೆ ಕಂಡಿತು ಅಂದರೆ ಪರದೆ ಆಗಲೇ ಎದ್ದಿದೆ ಅಂತ ತಿಳಿಯಿರಿ.

ಭಯ ಹುಟ್ಟಿಸೋದು ನನ್ನ ಉದ್ದೇಶವಲ್ಲ. ವರ್ಷಗಳಿಂದ ಒಂದೆರಡು ಎಳೆ ತೇಲ್ತಾ ಇದ್ದರೆ ಅದು ವಯಸ್ಸಿನ ಸಹಜ ಧರ್ಮ. ಹೊಸದಾಗಿ, ಒಮ್ಮೆಲೇ ಮಸಿ ಮಿಂಚು ಕಂಡವರಲ್ಲೂ ಸುಮಾರು ಏಳು ಜನರಲ್ಲಿ ಒಬ್ಬರಿಗೆ ಮಾತ್ರ ಹರಕು ಇರುತ್ತೆ. ಆದರೆ ಆ ಒಬ್ಬರು ಯಾರು ಅಂತ ಔಷಧಿ ಹಾಕಿ ಪಾಪೆ ಅಗಲ ಮಾಡಿ ಒಳಗೆ ನೋಡಿದ ಡಾಕ್ಟರಿಗೇ ಗೊತ್ತಾಗಬೇಕು. ಮನೇಲಿ ಕೂತು ಹೇಳೋದಕ್ಕೆ ಆಗೋದಿಲ್ಲ.

ನನ್ನ ಸರ್ವೀಸಿನಲ್ಲಿ ಕಂಡ ಇಬ್ಬರ ವಿಷಯ ಹೇಳ್ತೀನಿ, ಹೆಸರು ಬೇಡ. ಒಬ್ಬರು ಐವತ್ತೆಂಟು ವಯಸ್ಸಿನ ತೆಂಗಿನ ಬೆಳೆಗಾರರು, ದಪ್ಪ ಮೈನಸ್ ಕನ್ನಡಕದವರು. ಬಲಗಣ್ಣಿನಲ್ಲಿ ನಾಲ್ಕು ದಿನ ಮಿಂಚು, ಆಮೇಲೆ ಮಸಿ, ಆಮೇಲೆ ಮೂಗಿನ ಕಡೆಯಿಂದ ಕಪ್ಪು ತೆರೆ. ಮನೇಲಿ ಮಗಳ ಮದುವೆ ಮಾತುಕತೆ. "ಅದು ಮುಗೀಲಿ, ಪೊರೆ ತಾನೆ" ಅಂತ ಮೂರು ವಾರ ಬಿಟ್ಟರು. ಯಾರೋ ಹೇಳಿದರು ಅಂತ ಹರಳೆಣ್ಣೆಯನ್ನೂ ಬಿಟ್ಟುಕೊಂಡರು. ಕೊನೆಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಪರದೆ ಅಂಟಿತು, ಆದರೆ ನಡುಭಾಗದ ದೃಷ್ಟಿ ಬರಲಿಲ್ಲ. ಆ ಕಣ್ಣಿನಲ್ಲಿ ಬೆರಳು ಎಣಿಸ್ತಾರೆ, ಮುಖ ಗುರುತು ಹಿಡಿಯೋದಿಲ್ಲ. ಇನ್ನೊಬ್ಬರು ಅಂಗನವಾಡಿಯ ಹೆಣ್ಣುಮಗಳು. ಸಂಜೆ ದೀಪ ಹಚ್ಚುವಾಗ ಮಸಿ ಉದುರಿದ ಹಾಗೆ ಕಂಡಿತು, ಬೆಳಗಿನ ಮೊದಲ ಬಸ್ಸಿಗೆ ಹಾಸನಕ್ಕೆ ಹೋದರು. ಹರಕು ಮಾತ್ರ ಆಗಿತ್ತು, ಪರದೆ ಇನ್ನೂ ಎದ್ದಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು, ಅಲ್ಲಿ ಹರಕಿನ ಸುತ್ತ ಲೇಸರ್ ಹಾಕಿದರು, ಅದೇ ದಿನ ಮನೆಗೆ ಬಂದರು. ಇವತ್ತಿಗೂ ಪೇಪರ್ ಓದ್ತಾರೆ.

ಇಬ್ಬರಿಗೂ ಇದ್ದ ವ್ಯತ್ಯಾಸ ದುಡ್ಡಿನದಲ್ಲ, ದಿನಗಳದು. ನಮ್ಮ ಲಕ್ಷ್ಮೀನರಸಿಂಹ ದೇವಸ್ಥಾನದ ಗೋಡೆಯ ಮುಂದೆ ನಿಂತು ಒಂದು ವಿಗ್ರಹದ ಮುಖ ನೋಡಿ. ನೀವು ನೇರವಾಗಿ ನೋಡುವ ಆ ಮುಖ ಕಾಣೋದು ಪರದೆಯ ನಟ್ಟನಡುವಿನ ಸಣ್ಣ ಜಾಗದಿಂದ. ಸುತ್ತಲಿನ ಗೋಡೆ ಉಳಿದ ಭಾಗದಿಂದ. ಆ ನಡುಜಾಗ ಎದ್ದೇಳುವ ಮುಂಚೆ ಆಪರೇಷನ್ ಆದರೆ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತೆ. ಎದ್ದು ದಿನ ಕಳೆದಷ್ಟೂ ವಾಪಸು ಬರೋದು ಕಡಿಮೆ.

ಯಾರಿಗೆ ಹೆಚ್ಚು ಬರುತ್ತೆ? ದಪ್ಪ ಮೈನಸ್ ಕನ್ನಡಕದವರಿಗೆ, ಐವತ್ತು ದಾಟಿದವರಿಗೆ, ಮನೇಲಿ ತಂದೆತಾಯಿಗೋ ಒಡಹುಟ್ಟಿದವರಿಗೋ ಆಗಿದ್ದರೆ, ಒಂದು ಕಣ್ಣಿಗೆ ಆಗಲೇ ಆಗಿದ್ದರೆ. ಪೊರೆ ಆಪರೇಷನ್ ಆದವರಿಗೂ ಸ್ವಲ್ಪ ಹೆಚ್ಚು, ಆದ್ದರಿಂದ "ನನಗೆ ಆಪರೇಷನ್ ಆಗಿದೆ, ಇನ್ನೇನು ಭಯ" ಅನ್ನಬೇಡಿ. ಸಕ್ಕರೆ ಕಾಯಿಲೆಯವರದು ಬೇರೆ ದಾರಿ: ಒಳಗೆ ಹೊಸ ರಕ್ತನಾಳ ಬೆಳೆದು, ಗಂಟು ಕಟ್ಟಿ, ಪರದೆಯನ್ನು ಎಳೆಯುತ್ತೆ. ಅವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಒಳಗಣ್ಣು ತೋರಿಸಲೇಬೇಕು.

ಪೆಟ್ಟು ಇನ್ನೊಂದು ಕಾರಣ. ಎತ್ತಿನ ಕೊಂಬು, ಗರಿಯ ತುದಿ, ಚಿನ್ನಿದಾಂಡು, ದೀಪಾವಳಿ ಪಟಾಕಿ, ಚೆಂಡು. ನಮ್ಮೂರಿನ ಹೆಸರನ್ನು ಶ್ರೀನಾಥ್ ಅವರು ಜಗತ್ತಿಗೆಲ್ಲಾ ಹೇಳಿದ ಮೇಲೆ ಇಲ್ಲಿ ಗಟ್ಟಿ ಚೆಂಡಿನ ಆಟ ಬೇಡ ಅನ್ನೋ ಧೈರ್ಯ ನನಗಿಲ್ಲ! ಆದರೂ ಕೇಳಿ. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ತೊಸ್ತಾವೊಗೆ 1969ರಲ್ಲಿ ಚೆಂಡು ಮುಖಕ್ಕೆ ಬಡಿದು ಪರದೆ ಕಳಚಿತು. ಅಮೆರಿಕಾದ ಹ್ಯೂಸ್ಟನ್‌ನಲ್ಲಿ ಆಪರೇಷನ್ ಮಾಡಿಸಿಕೊಂಡು 1970ರ ವಿಶ್ವಕಪ್ ಆಡಿ ಗೆದ್ದರು. ಆದರೆ ಅದೇ ಕಣ್ಣಿನ ತೊಂದರೆಯಿಂದ 1973ರಲ್ಲಿ, ಇನ್ನೂ ಇಪ್ಪತ್ತಾರರ ವಯಸ್ಸಿನಲ್ಲಿ, ಆಟ ಬಿಡಬೇಕಾಯಿತು. ಪೆಟ್ಟಾದ ಮೇಲೆ ವಾರಗಳು, ತಿಂಗಳುಗಳು ಕಳೆದು ಪರದೆ ಕಳಚೋದೂ ಉಂಟು. ಹುಡುಗರು ಮನೇಲಿ ಹೇಳೋದಿಲ್ಲ, ತಾಯಂದಿರೇ ವಿಚಾರಿಸಬೇಕು.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ, ಖರ್ಚಿಲ್ಲ. ಎರಡು ಕಣ್ಣೂ ತೆರೆದಿದ್ದರೆ ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಹಾಕುತ್ತೆ. ಎಷ್ಟೋ ಜನ "ನಿನ್ನೆ ಕಣ್ಣು ಉಜ್ಜುವಾಗ ಗೊತ್ತಾಯಿತು" ಅಂತಾರೆ. ಆದ್ದರಿಂದ ವಾರಕ್ಕೊಮ್ಮೆ ಒಂದು ಕಣ್ಣು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ನೋಡಿ. ನಾಲ್ಕು ಮೂಲೆಯೂ ಕಾಣಬೇಕು, ಗೆರೆಗಳು ನೆಟ್ಟಗಿರಬೇಕು. ಆಮೇಲೆ ಇನ್ನೊಂದು ಕಣ್ಣು.

ಗುರುತು ಕಂಡರೆ ಅದೇ ದಿನ, ಹೆಚ್ಚೆಂದರೆ ಮರುದಿನ ಹೊರಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಮೈಸೂರಿನಲ್ಲಿ ಕೆ. ಆರ್. ಆಸ್ಪತ್ರೆ ಇದೆ. ಬಾಣಾವರದಲ್ಲೋ ಅರಸೀಕೆರೆಯಲ್ಲೋ ರೈಲು ಹತ್ತಿದರೆ ಬೆಂಗಳೂರು. ಅಲ್ಲಿಯ ಮಿಂಟೋ ಕಣ್ಣಾಸ್ಪತ್ರೆ 1913ರಿಂದ ಈಗಿನ ಕಟ್ಟಡದಲ್ಲಿದೆ. ಹೊರಡುವ ಮುಂಚೆ ಫೋನ್ ಮಾಡಿ "ರೆಟಿನಾ ಡಾಕ್ಟರು ಇವತ್ತು ಇದ್ದಾರಾ" ಅಂತ ಒಂದೇ ಪ್ರಶ್ನೆ ಕೇಳಿ, ಯಾಕೆಂದರೆ ಎಲ್ಲ ಕಣ್ಣಿನ ಡಾಕ್ಟರೂ ಈ ಆಪರೇಷನ್ ಮಾಡೋದಿಲ್ಲ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಪಾಪೆಗೆ ಔಷಧಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತೆ, ಬೈಕ್ ಓಡಿಸೋ ಹಾಗಿಲ್ಲ. ಎಣ್ಣೆ, ಎದೆಹಾಲು, ಜೇನು, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಕಾಯಿಲೆ ಇರೋದು ಕಣ್ಣಿನ ಹಿಂಗೋಡೆಯಲ್ಲಿ, ಮುಂದೆ ಬಿಟ್ಟ ಹನಿ ಅಲ್ಲಿಗೆ ಮುಟ್ಟಿ ಹರಕು ಹೊಲಿಯೋದಿಲ್ಲ.

ನೂರು ವರ್ಷದ ಹಿಂದೆ ಇದಕ್ಕೆ ಮದ್ದೇ ಇರಲಿಲ್ಲ. ರೋಗಿಯನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸ್ತಿದ್ದರು, ಕಣ್ಣು ಮಾತ್ರ ಹೋಗ್ತಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಜೂಲ್ ಗೊನಿನ್ ಎಂಬ ಡಾಕ್ಟರು ಹರಕೇ ಮೂಲ, ಅದನ್ನು ಮುಚ್ಚಬೇಕು ಎಂದು ತೋರಿಸಿಕೊಟ್ಟು, 1920ರ ದಶಕದಲ್ಲಿ ಕಾದ ಸೂಜಿಯಿಂದ ಸುಟ್ಟು ಮುಚ್ಚಿದರು. ಈಗ ಲೇಸರ್ ಇದೆ, ತಣ್ಣಗೆ ಹೆಪ್ಪುಗಟ್ಟಿಸಿ ಅಂಟಿಸುವ ವಿಧಾನ ಇದೆ, ಗುಡ್ಡೆಯ ಹೊರಗಿನಿಂದ ಸಿಲಿಕೋನ್ ಪಟ್ಟಿ ಬಿಗಿಯೋದು ಇದೆ. ಒಳಗಿನ ಲೋಳೆಯನ್ನು ತೆಗೆದು ಗಾಳಿಗುಳ್ಳೆಯನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬೋದೂ ಇದೆ. ಹತ್ತರಲ್ಲಿ ಎಂಟು ಒಂಬತ್ತು ಕಣ್ಣುಗಳಲ್ಲಿ ಒಂದೇ ಆಪರೇಷನ್‌ಗೆ ಪರದೆ ಅಂಟುತ್ತೆ. ಎಣ್ಣೆ ತುಂಬಿದರೆ ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಅದನ್ನು ತೆಗೆಯೋಕೆ ಇನ್ನೊಂದು ಸಲ ಹೋಗಬೇಕು. "ಆಪರೇಷನ್ ಆಯ್ತಲ್ಲ" ಅಂತ ಮರೆತು ಕೂರಬೇಡಿ.

ಗಾಳಿಗುಳ್ಳೆ ಹಾಕಿಸಿಕೊಂಡವರಿಗೆ ನಮ್ಮ ಸೀಮೆಯಲ್ಲಿ ಮುಖ್ಯವಾದ ಒಂದು ಎಚ್ಚರಿಕೆ ಇದೆ. ಬೇಲೂರು, ಹಾಸನದ ಕಡೆಯವರು ಎಷ್ಟೋ ಜನ ಚಿಕಿತ್ಸೆಗೆ ಮಂಗಳೂರು ಮಣಿಪಾಲಕ್ಕೆ ಹೋಗ್ತಾರೆ. ಅದು ಸಮುದ್ರದ ಮಟ್ಟ. ನಮ್ಮೂರು ಸುಮಾರು ಒಂಬೈನೂರು ಮೀಟರ್ ಎತ್ತರ. ಗುಳ್ಳೆ ಕಣ್ಣಿನಲ್ಲಿ ಇರುವಾಗ ಶಿರಾಡಿ ಘಾಟಿಯೋ ಚಾರ್ಮಾಡಿಯೋ ಹತ್ತಿದರೆ ಹೊರಗಿನ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತೆ, ಕಣ್ಣಿನ ಒತ್ತಡ ಏರಿ ಉಳಿದ ದೃಷ್ಟಿಗೂ ಅಪಾಯ. "ನಮ್ಮೂರು ಘಾಟಿಯ ಮೇಲಿದೆ" ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅವರು ಬಿಟ್ಟ ಮೇಲೆ ಮಾತ್ರ ಬನ್ನಿ. ಗುಳ್ಳೆ ಎರಡು ವಾರದಿಂದ ಎರಡು ತಿಂಗಳವರೆಗೂ ಇರಬಹುದು. ವಿಮಾನವೂ ಕೂಡದು. ಆ ನಡುವೆ ಬೇರೆ ಯಾವುದಕ್ಕಾದರೂ ಮತ್ತು ಬರಿಸುವ ಪ್ರಸಂಗ ಬಂದರೆ ಕಣ್ಣಲ್ಲಿ ಗುಳ್ಳೆ ಇದೆ ಅಂತ ತಿಳಿಸಬೇಕು.

ಮುಖ ಕೆಳಗೆ ಮಾಡಿ ಮಲಗಿ ಅಂತಲೂ ಅನೇಕರಿಗೆ ಹೇಳ್ತಾರೆ. ಗುಳ್ಳೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಲಿ ಅಂತ. ದಿನಗಟ್ಟಲೆ ಹಾಗಿರೋದು ಬಲು ಬೇಸರ. ಮೇಜಿನ ಮೇಲೆ ದಿಂಬಿಟ್ಟು ಹಣೆ ಊರಿ ಕೂರಬಹುದು. ಮನೆಯವರು ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳಿ, ರೇಡಿಯೋ ಹಾಕಿಕೊಡಿ. ಬಂದ ನೆಂಟರು "ಹೋಯ್ತಂತೆ ಕಣ್ಣು" ಅಂತ ಅಲ್ಲೇ ನಿಂತು ಮರುಕಪಡೋದನ್ನು ದಯವಿಟ್ಟು ಬಾಗಿಲ ಹೊರಗೆ ಇಟ್ಟುಕೊಳ್ಳಿ. ಒಂದು ಕಣ್ಣಿನ ದೃಷ್ಟಿ ಬಾರದೇ ಹೋದರೂ ಬದುಕು ನಿಲ್ಲೋದಿಲ್ಲ. ಮೊದಲ ತಿಂಗಳುಗಳಲ್ಲಿ ದೂರ ಹತ್ತಿರದ ಅಂದಾಜು ತಪ್ಪುತ್ತೆ: ಕಾಫಿ ಲೋಟದ ಹೊರಗೆ ಬೀಳುತ್ತೆ, ಮೆಟ್ಟಿಲು ಎಡವುತ್ತೆ. ನಿಧಾನಕ್ಕೆ ರೂಢಿಯಾಗುತ್ತೆ. ಅಲ್ಲಿಯವರೆಗೆ ಮರ ಹತ್ತೋದು, ಕಾಯಿ ಸುಲಿಯೋದು, ಗಾಡಿ ಓಡಿಸೋದು ಬೇಡ. ಉಳಿದ ಕಣ್ಣಿಗೆ ಒಡೆಯದ ಗಾಜಿನ ಕನ್ನಡಕ ಹಾಕಿಸಿ.

ಇನ್ನು ದುಡ್ಡಿನ ಮಾತು, ಅದಕ್ಕೆ ಸಹಕಾರ ಸಂಘಕ್ಕಿಂತ ಒಳ್ಳೇ ಜಾಗ ಇಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿಯೇ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದ್ದರು, 2022-23ರಲ್ಲಿ ಮತ್ತೆ ಜಾರಿಗೆ ತಂದರು. ವಂತಿಗೆ ಕಟ್ಟುವ ಅವಧಿ ಬಂದಾಗ ಕಾಯಿಲೆ ಇಲ್ಲ ಅಂತ ಬಿಟ್ಟವರೇ ಆಮೇಲೆ ಕೌಂಟರ್ ಮುಂದೆ ನಿಲ್ಲೋದು. ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಸೇರಿದೆ ಅಂತ ಕೇಳಿಕೊಂಡೇ ದಾಖಲಾಗಿ. ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಮಾಸಿಕ ಸಭೆಯವರೆಗೆ ಕಾಯಿಸದೆ, ಕಾರ್ಯದರ್ಶಿಗಳೇ ಅದೇ ದಿನ ಕೊಡಬಹುದಾದ ಒಂದು ಸಣ್ಣ ತುರ್ತು ಸಾಲದ ನಿಯಮ ಮಾಡಿ. ಬಸ್ಸು, ರೈಲು, ಮೊದಲ ತಪಾಸಣೆಗೆ ಆಗುವಷ್ಟಾದರೆ ಸಾಕು. ಕಣ್ಣಾಸ್ಪತ್ರೆಗಳ ಫೋನ್ ನಂಬರುಗಳನ್ನು ಕಚೇರಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ.

ಸಭೆ ಮುಗಿದ ಮೇಲೆ ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂತಿರ್ತೀನಿ. ದಪ್ಪ ಕನ್ನಡಕದವರು, ಸಕ್ಕರೆ ಕಾಯಿಲೆಯವರು, ಮಿಂಚು ಮಸಿ ಕಂಡವರು ಮೊದಲು ಬನ್ನಿ, ಹಳೇ ಚೀಟಿ ಇದ್ದರೆ ತನ್ನಿ. ಹಾಸನದ ಕೊನೇ ಬಸ್ಸಿನವರೆಗೆ ಇರ್ತೀನಿ.