ದಾದಿಯರ ವಿದ್ಯೆ: ಕೊಳ್ಳುವುದೂ ಕೊಡುವುದೂ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮಗಳು ನರ್ಸಿಂಗ್ ಓದುತ್ತಿದ್ದಾಳೆಂದರೆ ನಾವು ಕೇಳುವ ಮೊದಲ ಮಾತು, ‘ಯಾವ ದೇಶಕ್ಕೆ ಕಳಿಸುವಿರಿ?’ ಎಂಬುದು. ಆಕೆ ಹೋಗುವುದು ತಪ್ಪಲ್ಲ. ಆದರೆ ದಾದಿಯರು ಕಡಲು ದಾಟುವಂತೆ ಅವರ ಅರಿವೂ ದಾಟಿ, ಮರಳಿ ಬರುತ್ತಿದೆಯೇ ಎಂದು ನಾವು ಕೇಳಿಕೊಂಡಿದ್ದೇವೆಯೇ?

ನಮ್ಮ ಸೀಮೆಗೆ ಆಧುನಿಕ ಶುಶ್ರೂಷೆ ಹೊರಗಿನಿಂದ ಬಂದಿತು. ಕಾಗವಾಡದ ಮಗ್ಗುಲಿನ ಮಿರಜದಲ್ಲಿ 1894ರಲ್ಲಿ ಡಾಕ್ಟರ್ ವಾನ್‌ಲೆಸ್ ಅವರು ಆಸ್ಪತ್ರೆಯನ್ನು ತೆರೆದರು. ಅಥಣಿ, ರಾಯಬಾಗಗಳ ರೋಗಿಗಳು ತಲೆಮಾರುಗಳಿಂದ ಮಿರಜದ ದಾರಿ ಹಿಡಿದವರೇ. ಆ ಋಣವನ್ನು ನಾವು ಮರೆಯಲಾರೆವು.

ಆದರೆ ನಾವು ಬರಿಯ ಸಾಲಗಾರರಲ್ಲ. ಹೆರಿಗೆಯ ನಂತರದ ರಕ್ತಸ್ರಾವವು ಬಡ ನಾಡುಗಳ ತಾಯಂದಿರಿಗೆ ಮೃತ್ಯುವೇ ಸರಿ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಪಾಡಬೇಕು. ಹಳ್ಳಿಯ ಮನೆಯಲ್ಲಿ ಅದು ಎಲ್ಲಿಯ ಮಾತು? ತಂಪು ಬೇಡದ, ಸೂಜಿ ಬೇಡದ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಆ ಕೆಲಸ ಆದೀತೇ? ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ವಿಶ್ವವಿದ್ಯಾಲಯಗಳೊಡನೆ ಕೂಡಿ, 2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಇದನ್ನು ಪರೀಕ್ಷಿಸಿತು. 1,620 ತಾಯಂದಿರು ಅದರಲ್ಲಿ ಸೇರಿದ್ದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಅದನ್ನೇ ಹೋಲುವ ಔಷಧವಿಲ್ಲದ ಗುಳಿಗೆ. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ತಾಯಿಯ ಕೆಳಗೆ ಅಳತೆಯ ಗುರುತುಳ್ಳ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತವನ್ನು ಅಳೆದವರು ಯಾರು? ಹಳ್ಳಿಯವರು ‘ನರ್ಸಬಾಯಿ’ ಎನ್ನುವ 25 ಮಂದಿ ಎಎನ್‌ಎಂ ದಾದಿಯರು! ನೂರಕ್ಕೆ 12 ತಾಯಂದಿರಲ್ಲಿ ಕಾಣುತ್ತಿದ್ದ ಅತಿಸ್ರಾವವು 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಬಾಣಂತಿಯರ ಮಗ್ಗುಲಲ್ಲಿ ಕಂಡ ಸತ್ಯ ಹೀಗೆ ಜಗತ್ತಿನ ತಾಯಂದಿರಿಗೆ ಒದಗಿತು.

ಇದರಿಂದ ನಮ್ಮ ನರ್ಸಿಂಗ್ ಕಾಲೇಜುಗಳು ಕಲಿಯಬೇಕಾದ ಪಾಠವೊಂದುಂಟು. ವಿದೇಶದ ಶಾಲೆಯೊಡನೆ ಒಪ್ಪಂದವೆಂದರೆ ಅತಿಥಿಗಳಿಗೆ ಹಾರ ಹಾಕಿ ಭಾವಚಿತ್ರ ತೆಗೆಸಿಕೊಳ್ಳುವುದಲ್ಲ. ಎರಡೂ ಕಡೆಯವರು ಒಂದೇ ರೋಗಿಯ ಬಗೆಗೆ ಯೋಚಿಸುವುದು. ನಿಪ್ಪಾಣಿಯ ತಂಬಾಕಿನ ಹೊಲವನ್ನೇ ನೋಡಿರಿ. ಒದ್ದೆಯಾದ ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಸೇರಿದರೆ ತಲೆಸುತ್ತು, ವಾಂತಿ ಉಂಟಾಗುತ್ತವೆ. ಅಮೆರಿಕದ ಕೆಂಟಕಿಯಲ್ಲಿ 1992ರಲ್ಲಿ ತಂಬಾಕು ಕೊಯ್ಯುವವರಲ್ಲಿ ಇದೇ ಬೇನೆ ದಾಖಲಾಯಿತು. ಅಲ್ಲಿನ ವಿದ್ಯಾರ್ಥಿನಿಗೂ ನಮ್ಮ ವಿದ್ಯಾರ್ಥಿನಿಗೂ ಪರಸ್ಪರ ಕೇಳುವುದು ಬಹಳವಿದೆ. ಕನ್ನಡ-ಮರಾಠಿ ಬೆರೆತ ಮಾತಿನಲ್ಲಿ ಕೂಲಿಯ ಹೆಣ್ಣುಮಗಳು ತನ್ನ ಸಂಕಟವನ್ನು ಹೇಗೆ ಹೇಳುತ್ತಾಳೆಂಬುದನ್ನು ಯಾವ ವಿದೇಶೀ ಪಠ್ಯಪುಸ್ತಕವೂ ಹೇಳದು. ಅದನ್ನು ಕೇಳಿ ಬರೆದಿಡಬೇಕಾದವರು ನಾವೇ.

ಆದುದರಿಂದ ತಂದೆತಾಯಿಗಳೇ, ಮಗಳು ಪರದೇಶಕ್ಕೆ ಹೋದರೆ ಹಣದೊಡನೆ ಕಲಿತದ್ದನ್ನೂ ಕಳಿಸೆಂದು ಹೇಳಿರಿ. ರಜೆಗೆ ಬಂದಾಗ ಆಕೆ ಹತ್ತಿರದ ಕಾಲೇಜಿನಲ್ಲಿ ಒಂದು ದಿನ ಪಾಠ ಹೇಳಲಿ. ಇಲ್ಲೇ ಉಳಿದ ನರ್ಸಬಾಯಿಯೂ ಆ ದಿನ ಅಲ್ಲಿ ಕುಳಿತು, ತಾನು ಕಂಡದ್ದನ್ನು ಆಕೆಗೆ ಕಲಿಸಲಿ. ಇಬ್ಬರೂ ಪರಸ್ಪರ ಗುರುಗಳಾದಂದು ನಮ್ಮ ಸೀಮೆಯ ರೋಗಿಗೆ ನಿಜವಾದ ಲಾಭ.