ಸೇವಾಸಂಸ್ಥೆಗಳ ಫಲವನ್ನು ಅಳೆಯುವುದು ಹೇಗೆ?



ಯಲಹಂಕದ ಒಂದು ಬಡಾವಣೆಗೆ ಹಿಂದಿನ ಬೇಸಿಗೆಯಲ್ಲಿ ನೂರು ಟ್ಯಾಂಕರ್ ನೀರು ಹೋಗಿತ್ತು, ಈ ಬೇಸಿಗೆಯಲ್ಲಿ ಇನ್ನೂರು ಹೋಯಿತು ಎಂದಿಟ್ಟುಕೊಳ್ಳಬಹುದು. ನೀರು ಪೂರೈಸಿದ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಸಾಧನೆ ಇಮ್ಮಡಿಯಾದಂತೆ ಕಾಣುತ್ತದೆ. ಬಡಾವಣೆಯಲ್ಲಿ ನಿಜವಾಗಿ ನಡೆದದ್ದು ಕೊಳವೆಬಾವಿಗಳು ಬತ್ತಿದ್ದು. ಅನುದಾನ ನೀಡುವವರ ನಮೂನೆಯಲ್ಲಿ ಮೊದಲನೆಯದಕ್ಕೆ ಅಂಕಣವಿರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಮೇಲಾಗಿ, ಟ್ಯಾಂಕರೇ ಬೇಡವಾಗುವಂತೆ ಕೆರೆಯನ್ನು ಉಳಿಸಿದ ಸಂಸ್ಥೆಗೆ ತೋರಿಸಲು ಅಂಕಿಯೇ ಇಲ್ಲದೆ ಅನುದಾನ ತಪ್ಪುವ ಸಂಭವವಿದೆ.

ಮಾಡಿದ ಕೆಲಸ ಬೇರೆ, ಅದರಿಂದ ಆದ ಫಲ ಬೇರೆ. ಬೆಂಗಳೂರಿನಲ್ಲಿ ಈ ಭೇದವನ್ನು ಜನರ ಮುಂದಿಟ್ಟ ಗಮನಾರ್ಹ ಪ್ರಯತ್ನ 1993-94ರ ನಾಗರಿಕ ವರದಿ ಪತ್ರ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅದನ್ನು ರೂಪಿಸಿದರು. ಶಾಲೆಗೆ ಮಾರ್ಕ್ಸ್ ಕಾರ್ಡು ಇರುವಂತೆ ಜಲಮಂಡಳಿ, ವಿದ್ಯುತ್ ಮಂಡಳಿ, ದೂರವಾಣಿ, ನಗರಪಾಲಿಕೆ, ಅಭಿವೃದ್ಧಿ ಪ್ರಾಧಿಕಾರಗಳಿಗೂ ಅಂಕ; ಅಂಕ ಕೊಡುವವರು ಮಾತ್ರ ಸೇವೆ ಪಡೆದ ಮನೆಯವರು. ಅಲೆದಾಟ ಎಷ್ಟಾಯಿತು, ತೊಂದರೆ ಪರಿಹಾರವಾಯಿತೆ, ಲಂಚ ಕೊಡಬೇಕಾಯಿತೆ ಎಂದು ಕೇಳಲಾಯಿತು. ಕೊಳೆಗೇರಿ ನಿವಾಸಿಗಳನ್ನು ಪ್ರತ್ಯೇಕವಾಗಿ ವಿಚಾರಿಸಲಾಯಿತು; ಹಾಗಲ್ಲದಿದ್ದರೆ ಅವರ ಕಷ್ಟ ಸರಾಸರಿಯಲ್ಲಿ ಮುಳುಗಿಹೋಗುತ್ತಿತ್ತು. ಅಭಿವೃದ್ಧಿ ಪ್ರಾಧಿಕಾರದ ಸೇವೆ ತೃಪ್ತಿಕರವೆಂದವರು ಶೇಕಡಾ 1 ಮಾತ್ರ! ಪಬ್ಲಿಕ್ ಅಫೇರ್ಸ್ ಸೆಂಟರ್ ಈ ಸಮೀಕ್ಷೆಯನ್ನು 1999ರಲ್ಲಿಯೂ 2003ರಲ್ಲಿಯೂ ಮತ್ತೆ ನಡೆಸಿತು. 1999ರಲ್ಲಿ ಸುಧಾರಣೆ ಅಲ್ಪ, ಲಂಚ ತಗ್ಗಿರಲಿಲ್ಲ. 2003ರ ಹೊತ್ತಿಗೆ ತೃಪ್ತಿ ಎದ್ದುಕಾಣುವಂತೆ ಏರಿತ್ತು. ಒಂದೇ ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ತೃಪ್ತಿಯೊಂದನ್ನೇ ನೆಚ್ಚುವಂತಿಲ್ಲ. ವಾರಕ್ಕೊಮ್ಮೆ ನೀರು ಕಂಡವನಿಗೆ ಎರಡು ದಿನ ಬಂದರೂ ತೃಪ್ತಿಯೇ. ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಾಗ, ಯಲಹಂಕ, ಬ್ಯಾಟರಾಯನಪುರದ ಕಡೆಯವೂ ಸೇರಿದಂತೆ ನಗರಕ್ಕೆ ಸೇರ್ಪಡೆಯಾದ 110 ಹಳ್ಳಿಗಳಿಗೆ ನೀರು ಎಂದು ಘೋಷಿಸಲಾಯಿತು. ಅಲ್ಲಿ ಎಣಿಸಬೇಕಾದದ್ದು ಸಂಪರ್ಕಗಳನ್ನಷ್ಟೇ ಅಲ್ಲ, ನಲ್ಲಿಯಲ್ಲಿ ನೀರು ಬಂದ ಗಂಟೆಗಳನ್ನೂ.

ಗುಡ್ಡಗಾಡಿನ ಸಂಘಗಳಿಗೂ ಇದೇ ಮಾತು ಸಲ್ಲುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು, ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲಿ ಹಾಕದ ತಾಕನ್ನೂ ಬಿಡಬೇಕೆಂಬುದು. ಒಳ್ಳೆಯ ಮಳೆ ಬಂದ ವರ್ಷ ಇಂಗುಗುಂಡಿಯಿಲ್ಲದ ಗುಡ್ಡವೂ ಹಸಿರಾಗುತ್ತದೆ. ಅದನ್ನು ಗುಂಡಿಯ ಪುಣ್ಯವೆಂದು ಬರೆದುಕೊಳ್ಳುವುದು ಸುಲಭ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಮೌಲ್ಯಮಾಪನವನ್ನು ಕೆಲಸ ಮಾಡಿದವರಿಗೇ ಬಿಡಲಿಲ್ಲ. ಇಸ್ರೋದ ಅಂಗಸಂಸ್ಥೆ ಆಂಟ್ರಿಕ್ಸ್‌ಗೆ ವಹಿಸಲಾಗಿತ್ತು. ಸಣ್ಣ ಸಂಘಕ್ಕೆ ಉಪಗ್ರಹದ ಚಿತ್ರ ದುಬಾರಿಯಾಗಬಹುದು, ಆದರೆ ಹಳ್ಳದಲ್ಲಿ ಅಳತೆಪಟ್ಟಿ ನೆಟ್ಟು ಏಪ್ರಿಲಿನಲ್ಲಿ ನೀರಿನ ಮಟ್ಟ ಬರೆದಿಡಲು ಹೆಚ್ಚು ಹಣ ಬೇಡ. ಪಕ್ಕದ, ಕೆಲಸವಾಗದ ಹಳ್ಳದಲ್ಲಿಯೂ ಬರೆದಿಡಬೇಕು.

ಸಸಿಗಳ ಎಣಿಕೆ ಇನ್ನೂ ಕಷ್ಟದ್ದು. ಜುಲೈಯಲ್ಲಿ ನೆಟ್ಟದ್ದನ್ನು ಎಣಿಸಿ ಮಾರ್ಚಿಗೆ ಲೆಕ್ಕ ಮುಗಿಸುವುದು ಅನುದಾನದ ಕ್ರಮ. ಮೊದಲ ಬೇಸಿಗೆ ಆಗಿನ್ನೂ ಆರಂಭ. ಮೂರನೆಯ ಬೇಸಿಗೆಯಲ್ಲಿ ಗುಡ್ಡ ಹತ್ತಿ ಬದುಕುಳಿದ ಗಿಡಗಳನ್ನು ಎಣಿಸುವವನ ಕೂಲಿಯನ್ನು ಮೊದಲ ವರ್ಷದ ಅಂದಾಜುಪಟ್ಟಿಯಲ್ಲಿಯೇ ಸೇರಿಸಿ ಕೇಳಬೇಕು.