ಅಕ್ಷರದ ಹಕ್ಕು, ಮನೆಮಾತಿನ ಘನತೆ

(ಶತಮಾನೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಸರಗೋಡಿನ ಮಣ್ಣಿನಲ್ಲಿ ನೂರು ವರ್ಷ ತುಂಬಿದ ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ಕನ್ನಡ ಸಾಹಿತ್ಯದ ಬಗೆಗೆ ಮಾತನಾಡುವುದು ವಾಡಿಕೆ. ಗೋಷ್ಠಿಯ ಉಳಿದ ವಿದ್ವಾಂಸರು ಆ ಕಾರ್ಯವನ್ನು ಸಮರ್ಥವಾಗಿ ನಿರ್ವಹಿಸಲಿರುವುದರಿಂದ ನಾವು ಇಂದು ದೂರದ ಒಂದು ಸಾಹಿತ್ಯವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಅಟ್ಲಾಂಟಿಕ್ ಸಾಗರದಾಚೆಗೆ ಬಲಾತ್ಕಾರದಿಂದ ಒಯ್ಯಲ್ಪಟ್ಟ ಆಫ್ರಿಕದ ಜನರು ಮತ್ತು ಅವರ ಸಂತತಿಯವರು ಕಟ್ಟಿದ ಸಾಹಿತ್ಯ ಅದು. ಅಕ್ಷರದ ಬೆಲೆಯೇನು, ಸ್ವಂತ ನುಡಿಯ ಬೆಲೆಯೇನು ಎಂಬುದನ್ನು ಅವರಷ್ಟು ಕಷ್ಟಪಟ್ಟು ಅರಿತವರು ವಿರಳ.

16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗುಗಳಿಗೆ ತುಂಬಲಾಯಿತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಲಕ್ಷಾಂತರ ಮಂದಿ ಸಾಗರದ ನಡುವೆಯೇ ಪ್ರಾಣ ಬಿಟ್ಟರು. ದಡ ಸೇರಿದವರು ಯೊರೂಬ, ಇಗ್ಬೊ, ವೊಲೊಫ್, ಕಿಕೊಂಗೊ ಮೊದಲಾದ ಬೇರೆ ಬೇರೆ ನುಡಿಗಳನ್ನಾಡುವವರು. ಕಬ್ಬು, ಹತ್ತಿ, ಹೊಗೆಸೊಪ್ಪಿನ ತೋಟಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅಪ್ಪಣೆಗಳೆಲ್ಲ ಒಡೆಯನ ನುಡಿಯಲ್ಲಿ. ಕೆಲವೇ ತಲೆಮಾರುಗಳಲ್ಲಿ ಬಹುಪಾಲು ಜನರಿಂದ ತಾಯ್ನುಡಿ ಮರೆಯಾಯಿತು. ಹೆಸರೂ ಉಳಿಯಲಿಲ್ಲ.

1761ರಲ್ಲಿ ಬಾಸ್ಟನ್ ನಗರಕ್ಕೆ ತಂದು ಮಾರಲಾದ ಏಳೆಂಟು ವರ್ಷದ ಬಾಲಕಿಯೊಬ್ಬಳನ್ನು ನೋಡೋಣ. ಆಕೆಯನ್ನು ಹೊತ್ತು ತಂದ ಹಡಗಿನ ಹೆಸರು ‘ಫಿಲಿಸ್’. ಕೊಂಡುಕೊಂಡ ಮನೆತನದ ಹೆಸರು ವೀಟ್ಲಿ. ಎರಡೂ ಸೇರಿ ಆ ಬಾಲಕಿ ಫಿಲಿಸ್ ವೀಟ್ಲಿಯಾದಳು. ತಂದೆತಾಯಿ ಇಟ್ಟ ಹೆಸರು ಇಂದಿಗೂ ಯಾರಿಗೂ ತಿಳಿಯದು. ಆ ಮನೆಯವರು ಆಕೆಗೆ ಓದುಬರಹ ಕಲಿಸಿದರು. 1773ರಲ್ಲಿ ಆಕೆಯ ಕವನಸಂಗ್ರಹ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮೊದಲಲ್ಲಿ, ಈ ಕವನಗಳನ್ನು ಬರೆದವಳು ಈಕೆಯೇ ಎಂದು ಬಾಸ್ಟನ್ನಿನ 18 ಮಂದಿ ಗಣ್ಯರು ದೃಢೀಕರಿಸಿದ ಪತ್ರವಿದೆ. ಗವರ್ನರರ ಹೆಸರೂ ಅದರಲ್ಲಿದೆ. ಕವಿಯೊಬ್ಬಳ ಕವಿತ್ವಕ್ಕೆ ಸರ್ಕಾರಿ ಸಾಕ್ಷಿ ಬೇಕಾಯಿತು! ಕಪ್ಪು ಮನುಷ್ಯರು ಯೋಚಿಸಬಲ್ಲರೇ ಎಂಬ ಸಂಶಯ ಅಂದಿನ ವಿದ್ಯಾವಂತರಲ್ಲಿ ಅಷ್ಟು ಆಳವಾಗಿತ್ತು.

ಸಂಶಯದ ಜೊತೆಗೆ ಭಯವೂ ಇತ್ತು. 1740ರಲ್ಲೇ ದಕ್ಷಿಣ ಕೆರೊಲಿನದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನು ಅಪರಾಧವೆಂದು ಸಾರಿತ್ತು. ಮುಂದೆ ಇತರ ದಕ್ಷಿಣ ರಾಜ್ಯಗಳೂ ಇಂಥ ಕಾನೂನುಗಳನ್ನು ಮಾಡಿದವು. ಓದಬಲ್ಲವನನ್ನು ಕಟ್ಟಿಹಾಕುವುದು ಕಷ್ಟವೆಂದು ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು. ಫ್ರೆಡರಿಕ್ ಡಗ್ಲಾಸರಿಗೆ ಅದು ಗೊತ್ತಾದದ್ದು ಬಾಲ್ಯದಲ್ಲಿ. ಬಾಲ್ಟಿಮೋರಿನ ಮನೆಯೊಡತಿ ಅವರಿಗೆ ಅಕ್ಷರಮಾಲೆ ಕಲಿಸಲಾರಂಭಿಸಿದ್ದಳು. ಓದು ಕಲಿತವನು ಗುಲಾಮನಾಗಿ ಉಳಿಯಲಾರನೆಂದು ಆಕೆಯ ಗಂಡ ಗದರಿ ನಿಲ್ಲಿಸಿದ. ಆ ಗದರಿಕೆಯೇ ಬಾಲಕನಿಗೆ ಬಿಡುಗಡೆಯ ದಾರಿ ತೋರಿಸಿತು. ಮನೆಯಿಂದ ರೊಟ್ಟಿ ಒಯ್ದು ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಂಡರು. ಹಡಗು ಕಟ್ಟುವಲ್ಲಿ ಮರದ ತುಂಡುಗಳ ಮೇಲೆ ಬಡಗಿಗಳು ಬರೆಯುತ್ತಿದ್ದ ಗುರುತಿನ ಅಕ್ಷರಗಳನ್ನು ನೋಡಿ ಬರವಣಿಗೆ ಕಲಿತರು. ಬೇಲಿ, ಗೋಡೆ, ಕಲ್ಲುಹಾಸು ಅವರ ಬರೆಯುವ ಹಲಗೆಗಳಾದವು. ಮುಂದೆ ಗುಲಾಮರಾಗಿದ್ದಾಗಲೇ ಇತರ ಗುಲಾಮರಿಗಾಗಿ ಗುಟ್ಟಾಗಿ ಭಾನುವಾರದ ಪಾಠ ನಡೆಸಿದರು. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. 1845ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು; ಅದು ಗುಲಾಮಗಿರಿಯ ವಿರುದ್ಧ ಎದ್ದ ದೊಡ್ಡ ದನಿಗಳಲ್ಲೊಂದಾಯಿತು.

ಅಕ್ಷರ ದಕ್ಕಿದ ಮೇಲೆ ಬರೆದದ್ದನ್ನು ಉಳಿಸುವ ಪ್ರಶ್ನೆ ಬರುತ್ತದೆ. 1874ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದ ಆರ್ತುರೊ ಶೋಂಬರ್ಗರು ವಿದ್ಯಾರ್ಥಿಯಾಗಿದ್ದಾಗ, ಕಪ್ಪು ಜನರಿಗೆ ಇತಿಹಾಸವೇ ಇಲ್ಲವೆಂದು ಉಪಾಧ್ಯಾಯರೊಬ್ಬರು ಹೇಳಿದರಂತೆ. ಶೋಂಬರ್ಗರು ವಾದಕ್ಕಿಳಿಯಲಿಲ್ಲ, ಪುಸ್ತಕ ಕೂಡಿಸಿದರು. ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದುಕೊಂಡು, ಆಫ್ರಿಕನ್ ಮೂಲದವರು ಹಲವು ದೇಶಗಳಲ್ಲಿ ಬರೆದ ಗ್ರಂಥ, ಹಸ್ತಪ್ರತಿ, ಚಿತ್ರಗಳನ್ನು ಹುಡುಕಿ ತಂದರು. ಫಿಲಿಸ್ ವೀಟ್ಲಿಯ ಬರಹಗಳೂ ಅವರ ಆಸ್ಥೆಗೆ ಪಾತ್ರವಾಗಿದ್ದವು. 1926ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 10,000 ಡಾಲರಿನ ದೇಣಿಗೆಯ ನೆರವಿನಿಂದ ಆ ಸಂಗ್ರಹವನ್ನು ಪಡೆದು ಹಾರ್ಲೆಮ್ ಬಡಾವಣೆಯ ಶಾಖೆಯಲ್ಲಿಟ್ಟಿತು. ಇಂದು ಅದು ಶೋಂಬರ್ಗರ ಹೆಸರಿನ ಪ್ರಸಿದ್ಧ ಸಂಶೋಧನ ಕೇಂದ್ರ.

ಇಲ್ಲಿಯವರೆಗೆ ಹೇಳಿದ್ದು ಒಡೆಯರ ನುಡಿಯನ್ನೇ ಕೈವಶ ಮಾಡಿಕೊಂಡು ಬರೆದವರ ವಿಚಾರ. ತೋಟದ ಬದುಕಿನಲ್ಲಿ ಹುಟ್ಟಿದ ಹೊಸ ಆಡುನುಡಿಯನ್ನೇ ಸಾಹಿತ್ಯಕ್ಕೆ ತಂದವರೂ ಇದ್ದಾರೆ. ಜಮೈಕದ ಜನರ ಮಾತಿನಲ್ಲಿ ಪದಗಳು ಬಹುಮಟ್ಟಿಗೆ ಇಂಗ್ಲಿಷಿನವು. ಧ್ವನಿಯಲ್ಲಿ, ವಾಕ್ಯದ ಕಟ್ಟಿನಲ್ಲಿ ಪಶ್ಚಿಮ ಆಫ್ರಿಕದ ನುಡಿಗಳ ಗುರುತುಗಳಿವೆ. ಶಾಲೆಗಳು ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಿದ್ದುತ್ತಿದ್ದವು. 1919ರಲ್ಲಿ ಕಿಂಗ್ಸ್ಟನ್ನಿನಲ್ಲಿ ಹುಟ್ಟಿದ ಲೂಯಿಸ್ ಬೆನೆಟ್ ಆ ಮಾತಿನಲ್ಲಿಯೇ ಕವಿತೆ ಕಟ್ಟಿ, ಪತ್ರಿಕೆಯಲ್ಲಿ ಪ್ರಕಟಿಸಿ, ರಂಗದ ಮೇಲೆ ಹಾಡಿ ಆಡಿ ತೋರಿಸಿದರು. ಸಂತೆಯ ಹೆಂಗಸರ ಮಾತು, ಚೇಷ್ಟೆ, ಗಾದೆಗಳೆಲ್ಲ ಅಲ್ಲಿಗೆ ಬಂದವು. ಜನ ಮೆಚ್ಚಿ ನಕ್ಕರು; ಆದರೆ ವಿದ್ವಾಂಸರು ಆಕೆಯನ್ನು ಕವಿಯೆಂದು ಒಪ್ಪಿಕೊಳ್ಳಲು ದಶಕಗಳೇ ಹಿಡಿದವು. ಬಾರ್ಬಡೋಸಿನ ಕವಿ ಕಮಾವ್ ಬ್ರಾಥ್ವೇಟರು 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಇಂಥ ಮಾತನ್ನು ನಾಡಿನ ನುಡಿ ಎಂಬರ್ಥದ ಹೆಸರಿನಿಂದ ಗೌರವಿಸಿದರು. ಕೆರಿಬಿಯನ್ ಮಕ್ಕಳು ಎಂದೂ ಕಾಣದ ಹಿಮದ ಬಗೆಗೆ ಬರೆಯಬಲ್ಲವರಾಗಿದ್ದರು, ಪ್ರತಿವರ್ಷ ಮನೆಯ ಮಾಡು ಹಾರಿಸುವ ಚಂಡಮಾರುತವನ್ನು ಬರೆಯಲು ಅವರಿಗೆ ಪಾಠದ ಪುಸ್ತಕ ದಾರಿ ತೋರಿರಲಿಲ್ಲ ಎಂಬುದು ಅವರ ವ್ಯಥೆ.

ಬಂಧುಗಳೇ, ನಮ್ಮ ಸಂಕಷ್ಟವನ್ನು ಅವರ ಸಂಕಷ್ಟದೊಡನೆ ತೂಗುವುದು ಅನುಚಿತ. 1956ರ ನವೆಂಬರ್ 1ರಂದು ಗಡಿರೇಖೆ ನಮ್ಮನ್ನು ಕೇರಳಕ್ಕೆ ಸೇರಿಸಿತು. ಯಾರೂ ನಮ್ಮನ್ನು ಸರಪಳಿ ಬಿಗಿದು ಒಯ್ಯಲಿಲ್ಲ, ಓದು ಅಪರಾಧವೆನ್ನಲಿಲ್ಲ. ನಮ್ಮ ನಾಡಿನಲ್ಲಿಯೇ ಜಾತಿಯ ಕಾರಣದಿಂದ ಅಕ್ಷರದಿಂದ ದೂರವಿಡಲ್ಪಟ್ಟ ಜನರಿದ್ದರು. ಡಗ್ಲಾಸರ ಬದುಕು ಮೊದಲು ನೆನಪಿಸಬೇಕಾದದ್ದು ಅವರನ್ನು. ಅಂಥ ಮನೆಗಳಿಂದ ಬಂದ ಮಕ್ಕಳಿಗೆ ಎಷ್ಟರ ಮಟ್ಟಿಗೆ ಬಾಗಿಲು ತೆರೆದಿತ್ತು ಎಂಬುದರ ಮೇಲೆ ಯಾವುದೇ ಶಾಲೆಯ ನೂರು ವರ್ಷದ ಯೋಗ್ಯತೆ ನಿಲ್ಲುತ್ತದೆ.

ಆದರೂ ಅವರಿಂದ ಕಲಿಯಬೇಕಾದದ್ದು ನಮಗಿದೆ. ನಮ್ಮ ತರಗತಿಯಲ್ಲಿ ಕೂಡುವ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ. ಕನ್ನಡ ಉಳಿಯಬೇಕೆಂದು ಹೊರಗೆ ಒತ್ತಾಯಿಸುವ ನಾವು, ತರಗತಿಯೊಳಗೆ ತುಳು ಮಾತನಾಡಿದ ಮಗುವನ್ನು ನಾಚಿಸಿದರೆ, ಜಮೈಕದ ಆ ಶಾಲೆಗಳ ಸಾಲಿಗೆ ಸೇರುತ್ತೇವೆ. ಮನೆಮಾತಿಗೆ ಮರ್ಯಾದೆ ಸಿಕ್ಕ ಮಗು ಕನ್ನಡವನ್ನೂ ಪ್ರೀತಿಯಿಂದ ಕಲಿಯುತ್ತದೆ.

ಶೋಂಬರ್ಗರ ಕೆಲಸವೂ ನಮ್ಮಿಂದ ಆಗಬೇಕು. ಮಂಜೇಶ್ವರದ ಮನೆಯಲ್ಲಿ ಕುಳಿತು ಹಲವು ಭಾಷೆಗಳ ಗ್ರಂಥಗಳನ್ನು ಕೂಡಿಸಿ ಓದಿದ ಗೋವಿಂದ ಪೈಗಳ ನೆರೆಹೊರೆಯವರು ನಾವು. ಹಳೆಯ ದಾಖಲಾತಿ ಪುಸ್ತಕಗಳು, ಕೈಬರಹದ ಪತ್ರಿಕೆಗಳು, ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳು, ಅಜ್ಜಿಯರ ಬಾಯಲ್ಲಿರುವ ಪಾಡ್ದನಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ; ಅಟ್ಟದ ಮೇಲಿರುವವನ್ನು ಗೆದ್ದಲು ಕಾಯುತ್ತಿದೆ. ಈ ಸ್ಮರಣ ಸಂಚಿಕೆಯ ನೆನಪಿಗೆ ಶಾಲೆಯಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಮೀಸಲಿಡೋಣ. ಹಳೆ ವಿದ್ಯಾರ್ಥಿಗಳು ಒಬ್ಬೊಬ್ಬರೂ ಮನೆಯಿಂದ ಒಂದೊಂದು ವಸ್ತುವನ್ನು ತಂದು ಅದರಲ್ಲಿಡಲಿ.

ರೊಟ್ಟಿ ಕೊಟ್ಟು ಅಕ್ಷರ ಕೊಂಡ ಆ ಹುಡುಗನ ಕಥೆಯನ್ನು ಇಂದು ರಾತ್ರಿ ಮಕ್ಕಳಿಗೆ, ಅವರ ಮನೆಮಾತಿನಲ್ಲಿಯೇ ಹೇಳಿರೆಂದು ಪೋಷಕರಲ್ಲಿ ವಿನಂತಿಸುತ್ತೇವೆ.